ಮುಂಗೈ ಮೇಲಿನ ಹಾವಿಗೆ ಎಷ್ಟು ಅರ್ಥ?

ಹೋದ ಯುಗಾದಿಗೆ ಅಕ್ಕನ ಮಗಳು ಊರಿಗೆ ಬಂದಾಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸುತ್ತಿಕೊಂಡ ಹಾವು. ಅದರ ತಲೆಯ ಹತ್ತಿರ ಪೂರ್ತಿ ಅರಳಿದ ಒಂದು ದೊಡ್ಡ ಕೆಂಪು ಹೂವು. ಬೆಂಗಳೂರಿನಲ್ಲಿ ಟ್ಯಾಟೂ ಹಾಕುವವರಿಗೆ ಮುಂಗಡ ಕೊಟ್ಟೇ ಬಂದಿದ್ದಳು. ನಮ್ಮಮ್ಮ, ಅಂದರೆ ಅವಳ ಅಜ್ಜಿ, ಕನ್ನಡಕ ಹಾಕಿಕೊಂಡು ನೋಡಿದರು. "ನಾಗಪ್ಪನ್ನ ಕೈಮೇಲೆ ಯಾಕೆ ಹಾಕಿಸ್ಕೊಳ್ತೀಯೇ? ಮುಸುರೆ ಮುಟ್ಟೋ ಕೈ ಅದು" ಅಂದರು.

ಹಾಗೆ ಹೇಳಿದ ಅಮ್ಮನ ಮುಂಗೈಯಲ್ಲೂ ಹಚ್ಚೆ ಇದೆ. ನಾಲ್ಕು ಚುಕ್ಕಿ, ಅದರ ಸುತ್ತ ಒಂದು ಗೆರೆ, ಕೆಳಗೆ ಚೇಳು. ಚಿಕ್ಕ ಹುಡುಗಿಯಾಗಿದ್ದಾಗ ಕೊರವಂಜಿಯೊಬ್ಬಳು ಜಗಲಿ ಮೇಲೆ ಕೂರಿಸಿಕೊಂಡು ಹೊಯ್ದದ್ದು. ಅಂದರೆ ಅಮ್ಮನ ತಕರಾರು ಹಚ್ಚೆಯ ಬಗ್ಗೆ ಅಲ್ಲವೇ ಅಲ್ಲ. ಯಾವ ಹಾವು, ಮೈಯಲ್ಲಿ ಎಲ್ಲಿ, ಅನ್ನೋದು ಅವರ ಪ್ರಶ್ನೆ.

ಇಬ್ಬರೂ ಒಂದೇ ಚಿತ್ರ ನೋಡುತ್ತಿಲ್ಲ ಅಂತ ನನಗೆ ಆಗ ಅನ್ನಿಸಿತು. ಅವಳಿಗೆ ಕಂಡದ್ದು ಜಪಾನಿನ ಹಾವು. ಅಮ್ಮನಿಗೆ ಕಂಡದ್ದು ಅರಳಿಕಟ್ಟೆಯ ನಾಗಪ್ಪ.

ಹಾವಿನ ಟ್ಯಾಟೂಗೆ ಏನರ್ಥ ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಉದ್ದನೆಯ ಪಟ್ಟಿ ಸಿಗುತ್ತದೆ. ಮರುಹುಟ್ಟು, ಶಕ್ತಿ, ಜಾಣತನ, ಆಸೆ, ಮೋಸ, ಔಷಧಿ, ಸಾವು. ಒಂದಕ್ಕೊಂದು ಎದುರಾದ ಇಷ್ಟೆಲ್ಲ ಅರ್ಥ ಒಂದೇ ಪ್ರಾಣಿಗೆ ಹೇಗೆ ಬಂದವು ಅನ್ನೋದನ್ನು ಮಾತ್ರ ಆ ಪಟ್ಟಿ ಹೇಳುವುದಿಲ್ಲ. ಅದಕ್ಕೆ ಅಮ್ಮನ ಎರಡು ಪ್ರಶ್ನೆಗೆ ಇನ್ನೆರಡು ಸೇರಿಸಿಕೊಳ್ಳಬೇಕು. ಹಾವಿನ ಪಕ್ಕದಲ್ಲಿ ಏನಿದೆ? ಅದನ್ನು ನೋಡುವವರು ಯಾವ ಊರಿನವರು?

ಮೊದಲು, ಹಾವೇ ಯಾಕೆ ಅಂತ ನೋಡೋಣ. ಹುಲಿಯನ್ನೋ ಹದ್ದನ್ನೋ ಬರೆಯಲು ಅಗಲವಾದ ಜಾಗ ಬೇಕು, ಬೆನ್ನೋ ಎದೆಯೋ. ಹಾವಿಗೆ ಬೇಡ. ತೋಳಿಗೆ ಬಳ್ಳಿಯಂತೆ ಸುತ್ತುತ್ತದೆ, ಬೆನ್ನುಮೂಳೆಯ ಉದ್ದಕ್ಕೂ ಇಳಿಯುತ್ತದೆ, ಬೆರಳಿಗೆ ಉಂಗುರವಾಗಿಯೂ ಕೂರುತ್ತದೆ. ಕೈ ತಿರುಗಿಸಿದರೆ ಹುರುಪೆಗಳ ಸಾಲು ಚರ್ಮದ ಜೊತೆ ತಿರುಗಿ, ಹಾವು ಹರಿದಂತೆಯೇ ಕಾಣುತ್ತದೆ. ಮೈಮೇಲೆ ಬರೆಯಲೆಂದೇ ಹುಟ್ಟಿದ ಆಕಾರ ಅದು.

ಆಮೇಲೆ ಪೊರೆ. ಪೊರೆ ಬಿಡುವ ಮುಂಚೆ ಕೆಲವು ದಿನ ಹಾವಿನ ಕಣ್ಣು ಹಾಲು ಬೆರೆಸಿದ ನೀರಿನಂತೆ ಮಬ್ಬಾಗುತ್ತದೆ. ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಇರುತ್ತದೆ, ಅದೂ ಪೊರೆಯ ಜೊತೆಗೇ ಕಳಚುತ್ತದೆ. ಮೂತಿಯನ್ನು ಕಲ್ಲಿಗೋ ಕೊಂಬೆಗೋ ಉಜ್ಜಿ, ತುಟಿಯ ಹತ್ತಿರ ಬಿಡಿಸಿಕೊಂಡು, ನಾವು ಕಾಲುಚೀಲವನ್ನು ಒಳಮೈ ಹೊರಗಾಗಿ ಎಳೆಯುವಂತೆ ಇಡೀ ಮೈಯನ್ನು ಬಿಡಿಸಿಕೊಳ್ಳುತ್ತದೆ. ಕಣ್ಣು ಕಾಣದೆ ಮಂಕಾಗಿ ಮುದುರಿಕೊಂಡಿದ್ದ ಜೀವ ಮಿರಮಿರ ಮಿಂಚುತ್ತಾ ಹೊರಟಿತು. ನೋಡಿದವರಿಗೆ, ಇದು ಸಾವನ್ನೇ ಕಳಚಿಟ್ಟು ಹೋಯಿತು ಅನ್ನಿಸದೆ ಇರುತ್ತದಾ? ಕಚ್ಚಿದರೆ ಕೊಲ್ಲುವುದೂ ಇದೇ, ತಾನು ಮಾತ್ರ ಮತ್ತೆ ಮತ್ತೆ ಹೊಸದಾಗುವುದೂ ಇದೇ. ಆ ಪಟ್ಟಿಯಲ್ಲಿ ಸಾವೂ ಮರುಹುಟ್ಟೂ ಅಕ್ಕಪಕ್ಕ ಕೂತಿರುವುದು ಇದರಿಂದ.

ನಮ್ಮ ಚರ್ಮವೂ ಕಳಚುತ್ತಲೇ ಇರುತ್ತದೆ, ಕಣ್ಣಿಗೆ ಕಾಣದಷ್ಟು ಚೂರುಚೂರಾಗಿ. ಹೊರಚರ್ಮ ಒಂದು ತಿಂಗಳು, ಒಂದೂವರೆ ತಿಂಗಳಿಗೆಲ್ಲ ಹೊಸದಾಗಿಬಿಡುತ್ತದೆ. ಆದರೂ ಟ್ಯಾಟೂ ಉಳಿಯುತ್ತದೆ, ಯಾಕೆಂದರೆ ಸೂಜಿ ಬಣ್ಣವನ್ನು ಅದರ ಕೆಳಗಿನ ಒಳಚರ್ಮಕ್ಕೆ ಇಳಿಸಿರುತ್ತದೆ. ಹೊರಗಿನಿಂದ ಏನೋ ಬಂತು ಅಂತ ಮೈಯ ಕಾವಲು ಜೀವಕೋಶಗಳು ಓಡಿ ಬಂದು ಆ ಬಣ್ಣವನ್ನು ನುಂಗುತ್ತವೆ. ಇವಕ್ಕೆ ಮ್ಯಾಕ್ರೋಫೇಜ್ ಅಂತ ಹೆಸರು. ನುಂಗಿದ್ದನ್ನು ಅರಗಿಸಲಾಗದೆ ಹಾಗೇ ಇಟ್ಟುಕೊಂಡು ಅಲ್ಲೇ ಕೂರುತ್ತವೆ. ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಇನ್ನೂ ಒಂದು ವಿಷಯ ಗೊತ್ತಾಯಿತು. ಆ ಜೀವಕೋಶ ಸತ್ತು ಬಣ್ಣ ಹೊರಬಿದ್ದರೆ, ಹೊಸದಾಗಿ ಬಂದ ಇನ್ನೊಂದು ಅದನ್ನು ಮತ್ತೆ ನುಂಗಿಕೊಳ್ಳುತ್ತದೆ. ಹೀಗೆ ಒಂದರ ಬಾಯಿಂದ ಇನ್ನೊಂದರ ಬಾಯಿಗೆ ಹೋಗುತ್ತಾ ಬಣ್ಣ ಇದ್ದಲ್ಲೇ ಇರುತ್ತದೆ. ಹಾವು ಪೊರೆ ಬಿಡುತ್ತದೆ, ಮೈಮೇಲಿನ ಹಾವು ಬಿಡುವುದಿಲ್ಲ. ಅಮ್ಮನ ಚೇಳು ಅರವತ್ತು ವರ್ಷದಿಂದ ಅಲ್ಲೇ ಇದೆ. ಅಂಚು ಮಸುಕಾಗಿದೆ, ಕಪ್ಪು ಹೋಗಿ ಹಸಿರು ಛಾಯೆ ಬಂದಿದೆ, ಅಷ್ಟೇ. ನಾವು ಅದನ್ನು ಹಚ್ಚೆ ಅನ್ನುವುದೂ ಆ ಬಣ್ಣದಿಂದಲೇ. ಪಚ್ಚೆ ಅಂದರೆ ಹಸಿರು, ಪಕಾರ ಹಕಾರವಾಗಿ ಹಚ್ಚೆ ಆಯಿತು.

ಹಾವಿನ ಹಚ್ಚೆ ಎಷ್ಟು ಹಳೆಯದು ಅಂತ ಕೇಳಿದರೆ ನಾನು ಪೆರು ದೇಶದ ಒಬ್ಬ ಹೆಂಗಸನ್ನು ನೆನೆಯುತ್ತೇನೆ. ಅಲ್ಲಿನ ಉತ್ತರ ಕರಾವಳಿಯಲ್ಲಿ ಎಲ್ ಬ್ರೂಹೊ ಎಂಬ ಜಾಗವಿದೆ. ಮೋಚೆ ಜನ ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಬೆಟ್ಟದಂಥ ದೇವಸ್ಥಾನ ಅಲ್ಲಿದೆ. ಅದರೊಳಗೆ ಸಿಕ್ಕ ಅವಳ ಸಮಾಧಿಯ ಸುದ್ದಿ ಹೊರಜಗತ್ತಿಗೆ ಗೊತ್ತಾದದ್ದು 2006ರಲ್ಲಿ. ಸತ್ತು ಸುಮಾರು 1600 ವರ್ಷವಾಗಿತ್ತು. ಬಟ್ಟೆಯ ಮೇಲೆ ಬಟ್ಟೆ ಸುತ್ತಿ ದೊಡ್ಡ ಮೂಟೆಯಂತೆ ಕಟ್ಟಿಟ್ಟಿದ್ದರು. ಪದರ ಬಿಡಿಸುತ್ತಾ ಹೋದಂತೆ ಕಿರೀಟಗಳು, ಚಿನ್ನ ಬೆಳ್ಳಿಯ ಮೂಗಿನ ಒಡವೆಗಳು, ಅವುಗಳ ಜೊತೆ ಯುದ್ಧದ ಗದೆಗಳೂ ಸಿಕ್ಕವು. ಕೊನೆಗೆ ಒಣಗಿದ ತೋಳುಗಳು. ಆ ತೋಳುಗಳ ಮೇಲೆ ಸಾಲಾಗಿ ಹಾವು, ಜೇಡ.

ಅವಳಿಗೆ ಇಪ್ಪತ್ತೈದರ ಆಸುಪಾಸು ವಯಸ್ಸು. ಹೆರಿಗೆಯ ತೊಂದರೆಯಿಂದ ಸತ್ತಿರಬಹುದು ಅಂತ ಪರೀಕ್ಷೆ ಮಾಡಿದವರು ಹೇಳುತ್ತಾರೆ. ಅಲ್ಲಿಯವರೆಗೂ ಮೋಚೆ ದೊರೆಗಳೆಲ್ಲ ಗಂಡಸರೇ ಅಂತ ಎಲ್ಲರೂ ನಂಬಿದ್ದರು. ಗದೆ, ಕಿರೀಟ ಇಟ್ಟುಕೊಂಡು ಮಲಗಿದ್ದ ಈ ಎಳೆಯ ತಾಯಿ ಆ ನಂಬಿಕೆಯನ್ನು ಬುಡಮೇಲು ಮಾಡಿದಳು. ಈಗ ಅವಳನ್ನು, ಆ ದೇವಸ್ಥಾನದ ಹೆಸರು ಸೇರಿಸಿ, ಕಾವೊದ ಒಡತಿ ಅಂತ ಕರೆಯುತ್ತಾರೆ. ಹಾವು, ಜೇಡ ಯಾಕೆ? ಅದು ಮಳೆಯೇ ಬಾರದ ಮರಳುಗಾಡಿನ ಕರಾವಳಿ. ಆಂಡೀಸ್ ಬೆಟ್ಟಗಳಿಂದ ಇಳಿದು ಬರುವ ಹೊಳೆಗಳೇ ಅಲ್ಲಿನ ಜೀವ. ಹಾವೂ ಜೇಡವೂ ಅಲ್ಲಿ ನೀರಿಗೆ, ನೆಲದ ಫಲವತ್ತಿಗೆ ಸೇರಿದ ಗುರುತುಗಳು ಅಂತ ವಿದ್ವಾಂಸರು ಓದುತ್ತಾರೆ. ಮಕ್ಕಳು ಮರಿಗಾಗಿ, ಮಳೆ ಬೆಳೆಗಾಗಿ ಹುತ್ತಕ್ಕೆ ಹೋಗುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಜಿಪ್ಟಿನಲ್ಲಿ ಹೆಡೆಯೆತ್ತಿದ ನಾಗರಹಾವು ದೊರೆಯ ಹಣೆಯ ಮೇಲೇ ಕೂತು ಕಾವಲು ಕಾಯುತ್ತಿತ್ತು. ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವೂ ಅಲ್ಲಿಯದೇ. ಟುಟಾಂಖಾಮನ್ ಸಮಾಧಿಯಲ್ಲಿ ಸಿಕ್ಕ ಒಂದು ಚಿತ್ರದಲ್ಲಿ ಅದು ಕಾಣಿಸಿಕೊಂಡು 3300 ವರ್ಷವೇ ಆಯಿತು. ಇವತ್ತು ಮಣಿಕಟ್ಟಿನ ಸುತ್ತ ಬಳೆಯಂತೆ ಹಾಕಿಸಿಕೊಳ್ಳುವ ಊರೊಬೊರೊಸ್ ಅಂದರೆ ಇದೇ. ಮುಗಿದಲ್ಲೇ ಮತ್ತೆ ಶುರು ಅನ್ನೋದು ಅದರ ಅರ್ಥ. ಎಲ್ಲಿ ಹಾಕಿಸಿಕೊಂಡರೂ ಯಾರೂ ತಪ್ಪು ತಿಳಿಯದ ಹಾವು ಅಂತಿದ್ದರೆ ಬಹುಶಃ ಅದೊಂದೇ.

ತಪ್ಪು ಜಾಸ್ತಿ ಆಗುವುದು ಗ್ರೀಸಿನ ಹಾವುಗಳಲ್ಲಿ. ನರ್ಸ್, ಡಾಕ್ಟರ್ ಆದವರು ಕೋಲಿಗೆ ಸುತ್ತಿದ ಹಾವನ್ನು ಹೆಮ್ಮೆಯಿಂದ ಹಾಕಿಸಿಕೊಳ್ಳುತ್ತಾರೆ. ಹಾಕಿಸುವ ಮುಂಚೆ ಹಾವುಗಳನ್ನು ಎಣಿಸಿಕೊಳ್ಳಿ ಅನ್ನೋದು ನನ್ನ ಬಿನ್ನಹ. ವೈದ್ಯದ ದೇವರು ಅಸ್ಕ್ಲೇಪಿಯಸ್‌ನ ಕೋಲಿಗೆ ಒಂದೇ ಹಾವು, ರೆಕ್ಕೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿರುವುದು, ಎಷ್ಟೋ ಆಂಬುಲೆನ್ಸ್‌ಗಳ ನೀಲಿ ನಕ್ಷತ್ರದ ನಡುವೆ ಇರುವುದು ಅದೇ. ಎರಡು ಹಾವು, ಮೇಲೆ ರೆಕ್ಕೆ ಇದ್ದರೆ ಅದು ಹರ್ಮಿಸ್‌ನ ಕೋಲು. ಅವನು ವ್ಯಾಪಾರಿಗಳ, ಕಳ್ಳರ, ದಾರಿಹೋಕರ ದೇವರು, ಸತ್ತವರನ್ನು ಪಾತಾಳಕ್ಕೆ ಕರೆದುಕೊಂಡು ಹೋಗುವವನು. ಅಮೆರಿಕದ ಸೈನ್ಯದ ವೈದ್ಯಕೀಯ ದಳ 1902ರಲ್ಲಿ ಈ ಎರಡು ಹಾವಿನ ಕೋಲನ್ನೇ ಗುರುತಾಗಿ ತೆಗೆದುಕೊಂಡಿತು. ಅಲ್ಲಿಂದ ಆ ಗೊಂದಲ ಊರೆಲ್ಲ ಹಬ್ಬಿತು.

ಅಸ್ಕ್ಲೇಪಿಯಸ್‌ಗೆ ಎಪಿಡಾರಸ್ ಎಂಬಲ್ಲಿ ದೊಡ್ಡ ದೇವಸ್ಥಾನವಿತ್ತು. ಕಾಯಿಲೆಯವರು ರಾತ್ರಿ ಅಲ್ಲೇ ಮಲಗುತ್ತಿದ್ದರು. ದೇವರು ಕನಸಿನಲ್ಲಿ ಬಂದು ಮದ್ದು ಹೇಳುತ್ತಾನೆ ಅಂತ ನಂಬಿಕೆ. ಆ ಆವರಣದಲ್ಲಿ ಹಾವುಗಳನ್ನು ಸಾಕಿ ಹಾಗೇ ಬಿಟ್ಟಿರುತ್ತಿದ್ದರು, ವಿಷವಿಲ್ಲದವನ್ನು. ಇವತ್ತಿಗೂ ಯೂರೋಪಿನಲ್ಲಿ ಅವನ ಹೆಸರು ಹೊತ್ತ ಒಂದು ಹಾವಿದೆ. ಅದು ನಮ್ಮ ಕೇರೆಹಾವಿನ ಕಡೆಯದು.

ಮೆಡೂಸಾ ಟ್ಯಾಟೂ ಬಗ್ಗೆ ಸ್ವಲ್ಪ ಮೆತ್ತಗೆ ಮಾತಾಡಬೇಕು. ಕೂದಲಿನ ಜಾಗದಲ್ಲಿ ಹಾವುಗಳು, ನೋಡಿದವರು ಕಲ್ಲಾಗುವ ಮುಖ. ಗ್ರೀಕರು ಈ ಮುಖವನ್ನು ಗುರಾಣಿಯ ಮೇಲೆ, ಗೋಡೆಯ ಮೇಲೆ ಹಾಕುತ್ತಿದ್ದರು. ಹೊಸ ಮನೆ ಕಟ್ಟುವಾಗ ನಾವು ನೇತುಹಾಕುವ ದೃಷ್ಟಿಬೊಂಬೆಯ ಕೆಲಸವನ್ನೇ ಅದೂ ಮಾಡುತ್ತಿತ್ತು. ಮುಂದೆ ರೋಮಿನ ಕವಿ ಓವಿಡ್ ಬೇರೆ ಕತೆ ಹೇಳಿದ. ಚೆಲುವೆಯಾಗಿದ್ದ ಅವಳ ಮೇಲೆ ಕಡಲ ದೇವರು ಗುಡಿಯಲ್ಲೇ ಅತ್ಯಾಚಾರ ಮಾಡಿದ, ಆದರೆ ಶಾಪ ಸಿಕ್ಕಿದ್ದು ಅವಳಿಗೆ. ಇತ್ತೀಚಿನ ವರ್ಷಗಳಲ್ಲಿ ಅಂಥ ಹಿಂಸೆಯನ್ನು ದಾಟಿ ಬಂದ ಎಷ್ಟೋ ಹೆಣ್ಣುಮಕ್ಕಳು ಮೆಡೂಸಾಳನ್ನು ತಮ್ಮವಳು ಅಂತ ಮೈಮೇಲೆ ತಂದುಕೊಂಡಿದ್ದಾರೆ. ಎಲ್ಲರೂ ಅದೇ ಕಾರಣಕ್ಕೆ ಹಾಕಿಸಿರುತ್ತಾರೆ ಅಂತಲ್ಲ. ಆದರೆ ಯಾರ ತೋಳಿನಲ್ಲಾದರೂ ಆ ಮುಖ ಕಂಡರೆ "ಇದೇನು, ಯಾಕೆ ಹಾಕಿಸಿದ್ರಿ?" ಅಂತ ಸುಮ್ನೆ ಕೇಳಲು ಹೋಗಬೇಡಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ.

ಇನ್ನು ಅಕ್ಕನ ಮಗಳ ಹಾವಿನ ಊರು, ಜಪಾನು. ಅಲ್ಲಿ ಹಚ್ಚೆಗೆ ಇರೆಜುಮಿ ಅನ್ನುತ್ತಾರೆ, ಒಳಗೆ ಶಾಯಿ ಇಳಿಸುವುದು ಅಂತ ಅರ್ಥ. ಒಂದು ಕಾಲದಲ್ಲಿ ಅಪರಾಧಿಗಳ ಕೈಗೆ, ಹಣೆಗೆ ಶಿಕ್ಷೆಯಾಗಿ ಗುರುತು ಹಾಕುತ್ತಿದ್ದರು. 1827ರ ಸುಮಾರಿಗೆ ಕುನಿಯೋಶಿ ಎಂಬ ಕಲಾವಿದ ಚೀನಾದ ಒಂದು ಹಳೆಯ ಕತೆಯ ವೀರರನ್ನು ಮರದಚ್ಚಿನ ಚಿತ್ರಗಳಲ್ಲಿ ತಂದ. ಮೈತುಂಬ ಹಚ್ಚೆ ಹೊತ್ತ ಆ ವೀರರು ಜನಕ್ಕೆ ಹುಚ್ಚು ಹಿಡಿಸಿಬಿಟ್ಟರು. ಬೆಂಕಿ ಆರಿಸುವವರು, ಕೂಲಿಗಳು ತಮ್ಮ ಬೆನ್ನಿನ ಮೇಲೂ ಅಂಥದ್ದೇ ಚಿತ್ರ ಬರೆಸಿಕೊಂಡರು. 1872ರಲ್ಲಿ ಸರ್ಕಾರ ಹಚ್ಚೆಯನ್ನು ನಿಷೇಧಿಸಿತು, ಆ ನಿಷೇಧ ತೆಗೆದದ್ದು 1948ರಲ್ಲಿ. ಈಗಲೂ ಅಲ್ಲಿ ಟ್ಯಾಟೂ ಇದ್ದವರನ್ನು ಎಷ್ಟೋ ಬಿಸಿನೀರಿನ ಸ್ನಾನಗೃಹಗಳು ಒಳಗೆ ಬಿಡುವುದಿಲ್ಲ, ಯಾಕುಝಾ ಗ್ಯಾಂಗಿನವರು ಇರಬಹುದು ಅಂತ. ಜಪಾನಿನ ಚಿತ್ರವನ್ನು ಮೈಮೇಲೆ ಹೊತ್ತು ಜಪಾನಿಗೆ ಪ್ರವಾಸ ಹೋಗುವವರು ಇದನ್ನು ತಿಳಿದಿರಬೇಕು.

ಆದರೆ ಅಲ್ಲಿ ಹಾವು ಮಾತ್ರ ಅದೃಷ್ಟದ ಪ್ರಾಣಿ. ಅದರಲ್ಲೂ ಬಿಳಿ ಹಾವು. ಅದು ಬೆಂಜೈತೆನ್ ಎಂಬ ದೇವಿಯ ದೂತ. ಈ ಬೆಂಜೈತೆನ್ ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿ. ಬೌದ್ಧ ಸೂತ್ರಗಳ ಜೊತೆ ಚೀನಾ ದಾಟಿ ಜಪಾನಿಗೆ ಹೋದವಳು. ಕೈಯಲ್ಲಿದ್ದ ವೀಣೆ ಹೋಗಿ ಅಲ್ಲಿನ ತಂತಿವಾದ್ಯ ಬಿವಾ ಬಂತು, ಹಂಸ ಹೋಗಿ ಬಿಳಿ ಹಾವು ಬಂತು. ವಿದ್ಯೆಯ ಜೊತೆ ದುಡ್ಡಿಗೂ ಅವಳೇ ಅಧಿದೇವತೆಯಾದಳು. ಹಾವಿನ ಪೊರೆಯ ಚೂರನ್ನು ಪರ್ಸಿನಲ್ಲಿಟ್ಟರೆ ಹಣ ಕೂಡುತ್ತದೆ ಅಂತ ಅಲ್ಲಿನ ಜನ ನಂಬುತ್ತಾರೆ. ಇವಾಕುನಿ ಎಂಬ ಊರಿನಲ್ಲಿ ನಿಜವಾದ ಬಿಳಿ ಹಾವುಗಳೇ ಇವೆ. ಕೆಂಪು ಕಣ್ಣು, ಮೈಯೆಲ್ಲ ಬಿಳಿ. ಅಕ್ಕಿಯ ಉಗ್ರಾಣಗಳ ಸುತ್ತ ಇಲಿ ಹಿಡಿದುಕೊಂಡು ಬದುಕಿದವು, ಜನ ದೇವಿಯ ಕಡೆಯವು ಅಂತ ಕೊಲ್ಲದೆ ಕಾಪಾಡಿದರು. ಈಗ ಅವಕ್ಕೆ ಸರ್ಕಾರದ ರಕ್ಷಣೆಯಿದೆ. ಜಾತಿ ನೋಡಿದರೆ ಅವು ಅಲ್ಲಿನ ಕೇರೆಹಾವುಗಳೇ.

ಅಕ್ಕನ ಮಗಳ ಚಿತ್ರದಲ್ಲಿದ್ದ ಆ ಕೆಂಪು ಹೂವು ಪಿಯೋನಿ. ಹೂಗಳ ರಾಜ ಅಂತ ಹೆಸರು ಪಡೆದದ್ದು, ಸಿರಿಯ ಗುರುತು. ಜಪಾನಿನ ಹಚ್ಚೆಯಲ್ಲಿ ಹಾವೂ ಪಿಯೋನಿಯೂ ಹಳೆಯ ಜೋಡಿ. ಅದೇ ಹಾವಿನ ಪಕ್ಕದಲ್ಲಿ ತಲೆಬುರುಡೆ ಇಟ್ಟರೆ ಮಾತು ಸಾವಿನ ಕಡೆ ತಿರುಗುತ್ತದೆ. ಸೇಬು ಇಟ್ಟರೆ ಬೈಬಲ್ಲಿನ ಏದೆನ್ ತೋಟಕ್ಕೆ ಹೋಗಿ ಆಸೆಯ, ಎಡವಿದ ಕತೆಯಾಗುತ್ತದೆ. ಹೆಬ್ಬಾವಿನಂಥ ಪ್ರಾಣಿಯ ಅರ್ಥವನ್ನು ಪಕ್ಕದ ಒಂದು ಹಣ್ಣು ತಿರುಗಿಸಿಬಿಡುತ್ತದೆ.

ಈ ಜಪಾನಿನ ಹಾವು ಬೆಂಗಳೂರಿನವರೆಗೆ ಹೇಗೆ ಬಂತು? ದಾರಿಯಲ್ಲಿ ಹಡಗುಗಳಿವೆ. ಹೊನೊಲುಲು ಬಂದರಿನಲ್ಲಿ ನಾವಿಕರಿಗೆ ಹಚ್ಚೆ ಹಾಕುತ್ತಿದ್ದ ನಾರ್ಮನ್ ಕಾಲಿನ್ಸ್ ಎಂಬಾತ, ಸೇಲರ್ ಜೆರ್ರಿ ಅಂತ ಹೆಸರಾದವನು, ಜಪಾನಿನ ಹಚ್ಚೆ ಗುರುಗಳಿಗೆ ಕಾಗದ ಬರೆದು, ಚಿತ್ರ ತರಿಸಿಕೊಂಡು ಅವರ ಪದ್ಧತಿ ಕಲಿತ. ಅವನು ತೀರಿಕೊಂಡದ್ದು 1973ರಲ್ಲಿ. ಅವನೂ ಅವನ ನಂತರದವರೂ ಆ ಶೈಲಿಯನ್ನು ಜಗತ್ತಿನ ಅಂಗಡಿಗಳಿಗೆಲ್ಲ ಹರಡಿದರು. ಕಠಾರಿ ಚುಚ್ಚಿಸಿಕೊಂಡ ಹಾವು ಆ ನಾವಿಕರ ಇಷ್ಟದ ಚಿತ್ರ. ಶತ್ರುವನ್ನು ಗೆದ್ದೆ ಅನ್ನೋ ಮಾತು ಅದು.

ಅಮೆರಿಕದಲ್ಲಿರುವ ನಮ್ಮವರು ಒಂದು ಹಾವಿನ ವಿಷಯದಲ್ಲಿ ಹುಷಾರಾಗಿರಬೇಕು. 1754ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪತ್ರಿಕೆಯಲ್ಲಿ 8 ತುಂಡಾದ ಹಾವಿನ ಚಿತ್ರ ಹಾಕಿ, ಕೂಡಿ ಬಾಳಿ ಇಲ್ಲವೇ ಸಾಯಿರಿ ಅಂತ ವಸಾಹತುಗಳಿಗೆ ಹೇಳಿದ. 1775ರಲ್ಲಿ ಹಳದಿ ಬಾವುಟದ ಮೇಲೆ ಸುರುಳಿ ಸುತ್ತಿ ಕೂತ ಗಿಲಕಿ ಹಾವು ಬಂತು, ನನ್ನನ್ನು ತುಳಿಯಬೇಡ ಅನ್ನುವ ಮಾತಿನ ಜೊತೆ. ಬ್ರಿಟಿಷರ ವಿರುದ್ಧ ಎದ್ದ ಆ ಹಾವು ಈಗ ಸರ್ಕಾರ ನಮ್ಮ ಬದುಕಿಗೆ ಕೈ ಹಾಕಬಾರದು ಅನ್ನುವವರ ಬಾವುಟ. ಬರೀ ಚೆನ್ನಾಗಿದೆ ಅಂತ ಅದನ್ನು ತೋಳಿಗೆ ಹಾಕಿಸಿಕೊಂಡರೆ, ಎದುರಿಗಿದ್ದವರು ನಿಮ್ಮ ರಾಜಕೀಯವನ್ನು ಓದಿಕೊಳ್ಳುತ್ತಾರೆ.

ಎಲ್ಲ ಸುರುಳಿಯೂ ಹಾವಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಟ್ಯಾಟೂ ಅನ್ನುವ ಮಾತು ಬಂದದ್ದು ಪೆಸಿಫಿಕ್ ದ್ವೀಪಗಳ ತತಾವು ಎಂಬ ಪದದಿಂದ. ಆ ಕಡೆಯ ನ್ಯೂಜಿಲೆಂಡಿನ ನೆಲದಲ್ಲಿ ಹಾವೇ ಇಲ್ಲ. ಅಲ್ಲಿನ ಮಾವೊರಿ ಜನರ ಹಚ್ಚೆಯಲ್ಲಿ ಕಾಣುವ ಸುರುಳಿ ಜರಿಗಿಡದ ಎಳೆಯ ಸುಳಿ, ಹೊಸ ಬದುಕಿನ ಗುರುತು.

ಈಗ ನಮ್ಮ ಮನೆಯ ನಾಗಪ್ಪ. ನಮಗೆ ಹಾವೆಲ್ಲ ಒಂದೇ ಅಲ್ಲ. ಹೆಡೆ ಇದ್ದರೆ ನಾಗ, ಇಲ್ಲದಿದ್ದರೆ ಬರೀ ಹಾವು. ಅರಳಿಕಟ್ಟೆಯ ಕಲ್ಲಿನಲ್ಲಿ ಎರಡು ನಾಗರ ಹೆಣೆದುಕೊಂಡಿರುತ್ತವೆ. ಹರ್ಮಿಸ್‌ನ ಕೋಲಿನಂತೆಯೇ ಕಾಣುತ್ತದೆ, ಆದರೆ ಇಲ್ಲಿ ಅದು ಸಂತಾನದ ಹರಕೆ. ಮಕ್ಕಳಿಲ್ಲದ ಹೆಂಗಸರು ಪ್ರತಿಷ್ಠೆ ಮಾಡಿಸಿ, ಅರಿಸಿನ ಕುಂಕುಮ ಹಚ್ಚಿ ಸುತ್ತು ಬಂದ ಕಲ್ಲುಗಳವು. ಕುಕ್ಕೆಗೆ, ಘಾಟಿಗೆ ಜನ ಹೋಗುವುದು ಇದೇ ನಾಗನಿಗಾಗಿ. ತುಳುನಾಡಿನಲ್ಲಿ ಸತ್ತ ನಾಗರಹಾವು ಕಂಡರೆ ಮನುಷ್ಯರಿಗೆ ಮಾಡಿದಂತೆ ಸಂಸ್ಕಾರ ಮಾಡುತ್ತಾರೆ. ಇಂಥ ಕಡೆ ಬೆಳೆದ ಕಣ್ಣಿಗೆ ಪಾದದ ಮೇಲಿನ, ತೊಡೆಯ ಮೇಲಿನ ಹೆಡೆ ನೋವು ಕೊಡುತ್ತದೆ. ಅದು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವರ ಪಾಲಿಗೆ ಅದು ಚಿತ್ರವಲ್ಲ, ದೇವರು.

ನಾಗಮಂಡಲ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಳಿ, ಅರಿಸಿನ, ಕೆಂಪು, ಹಸಿರು, ಕಪ್ಪು, ಈ ಐದು ಬಣ್ಣದ ಪುಡಿ ಹಿಡಿದು ನೆಲದ ಮೇಲೆ ಗಂಟುಗಂಟಾಗಿ ಹೆಣೆದ ದೊಡ್ಡ ನಾಗನನ್ನು ಬರೆಯುತ್ತಾರೆ. ಗಂಟೆಗಟ್ಟಲೆಯ ಕೆಲಸ. ಒಂದು ಎಳೆ ಎಲ್ಲಿ ಶುರುವಾಗಿ ಎಲ್ಲಿ ನುಸುಳಿತು ಅಂತ ಹುಡುಕುತ್ತಾ ಕೂತರೆ ಕಣ್ಣು ಸೋಲುತ್ತದೆ. ರಾತ್ರಿಯೆಲ್ಲ ಹಾಡಿ, ಕುಣಿದು, ಕೊನೆಗೆ ಅದನ್ನು ಅಳಿಸಿಬಿಡುತ್ತಾರೆ. ನಮ್ಮ ಹಿರಿಯರು ನಾಗನನ್ನು ಬರೆದದ್ದು ಕಲ್ಲಿನಲ್ಲಿ, ಇಲ್ಲವೇ ಒಂದೇ ರಾತ್ರಿಗೆ ಪುಡಿಯಲ್ಲಿ. ನಾನು ನೋಡಿದ ಅಜ್ಜಿಯರ ಕೈಗಳಲ್ಲಿ ಚೇಳು, ತೊಟ್ಟಿಲು, ತುಳಸಿಕಟ್ಟೆ ಎಲ್ಲ ಇವೆ, ನಾಗರ ಮಾತ್ರ ಒಂದೂ ಇಲ್ಲ.

ಇಷ್ಟನ್ನೂ ಯುಗಾದಿಯ ಮಧ್ಯಾಹ್ನ ಅಕ್ಕನ ಮಗಳ ಜೊತೆ ಮಾತಾಡಿದೆ. ಹಾಕಿಸಬೇಡ ಅಂತ ಹೇಳಲಿಲ್ಲ. "ಹಂಗಾದ್ರೆ ಯಾವ್ದು ಹಾಕಿಸ್ಲಿ ಚಿಕ್ಕಮ್ಮ?" ಅಂತ ಕೇಳಿದಳು. ಚಿತ್ರ ಬರೆದವರ ಹತ್ತಿರ ಅದು ಯಾವ ಹಾವು ಅಂತ ಮೊದಲು ಕೇಳು ಅಂದೆ.

ಗೌರಿ ಹಬ್ಬಕ್ಕೆ ಬಂದಾಗ ಮುಂಗೈಯಲ್ಲಿ ಹಾವಿತ್ತು. ಬಿಳಿ ಮೈ, ತೆಳುವಾದ ಕಪ್ಪು ಗೆರೆಯ ಹುರುಪೆಗಳು, ಪಕ್ಕದಲ್ಲಿ ಕೆಂಪು ಪಿಯೋನಿ. ಹೊಪ್ಪಳೆ ಎಲ್ಲ ಎದ್ದು ಹೋಗಿ ವಾಸಿಯಾಗಿತ್ತು. ಅಮ್ಮ ಅವಳ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ತಲೆಯಿಂದ ಬಾಲದವರೆಗೆ ಹೆಬ್ಬೆರಳಿನಿಂದ ನಿಧಾನವಾಗಿ ಸವರಿದರು.

"ಹೆಡೆ ಎಲ್ಲೇ?"

"ಇದಕ್ಕೆ ಹೆಡೆ ಇಲ್ಲ ಅಜ್ಜಿ."

"ಹೆಡೆ ಇಲ್ದಿದ್ಮೇಲೆ ನಾಗಪ್ಪ ಅಲ್ಲ ಬಿಡು. ಕೇರೆ ಇದು" ಅಂದರು ಅಮ್ಮ. "ಇರ್ಲಿ. ಇಲಿ ಹಿಡಿಯುತ್ತೆ."